ಶಕ 1430ಕ್ಕೆ ಯಾವ ಕಲಂ?

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನವಿದೆ. ಅದರಲ್ಲಿ ಕೊಟ್ಟಿರುವ ಕಾಲ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. ಲೆಕ್ಕ ಹಾಕಿದರೆ ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗುವುದಿಲ್ಲ. ಗತಶಕ, ಅಂದರೆ ಕಳೆದುಹೋದ ವರ್ಷಗಳ ಲೆಕ್ಕದಲ್ಲಿ, 1430ಕ್ಕೆ ಬರುವುದು ವಿಭವ ಸಂವತ್ಸರ. ಶುಕ್ಲ ಬರುವುದು ಮರುವರ್ಷ, 1431ಕ್ಕೆ. ಸಂವತ್ಸರವನ್ನು ಹಿಡಿದು ನಡೆದರೆ ದಿನ 1510ರ ಜನವರಿಗೆ ಬೀಳುತ್ತದೆ, ಶಕದ ಅಂಕಿಯನ್ನು ಹಿಡಿದರೆ ಒಂದು ವರ್ಷ ಹಿಂದಕ್ಕೆ. ಈ ಶಾಸನದ ಚಿತ್ರವನ್ನು ಡಿಜಿಟಲ್ ಗ್ರಂಥಾಲಯಕ್ಕೆ ಸೇರಿಸುವವರ ಮುಂದೆ ‘ದಿನಾಂಕ’ ಎಂಬ ಒಂದೇ ಒಂದು ಖಾಲಿ ಜಾಗ ಇದ್ದರೆ ಅವರು ಏನು ಬರೆಯಬೇಕು? 1510 ಎಂದರೆ ಶಾಸನದ ಮಾತು ಅಳಿಯುತ್ತದೆ. ಶಕ 1430 ಎಂದಷ್ಟೇ ಬರೆದರೆ ಕಂಪ್ಯೂಟರ್ ಅದನ್ನು ಕಾಲಾನುಕ್ರಮದಲ್ಲಿ ಕೂರಿಸಲಾರದು. ಎರಡನ್ನೂ ಒಟ್ಟಿಗೆ ತುರುಕಿದರೆ ಹುಡುಕುವವನಿಗೂ ಯಂತ್ರಕ್ಕೂ ಗೊಂದಲ. ನಮ್ಮ ದಾಖಲೆಗಳನ್ನು ಡಿಜಿಟಲ್ ಮಾಡುವಾಗ ಸ್ಕ್ಯಾನರಿನ ಗುಣಮಟ್ಟಕ್ಕೆ ಕೊಡುವಷ್ಟೇ ಗಮನವನ್ನು ವಿವರದ ಕಲಂಗಳಿಗೂ ಕೊಡಬೇಕು, ಬೇಕಾದಲ್ಲಿ ಆ ಕಲಂಗಳನ್ನು ನಾವೇ ತಿದ್ದಬೇಕು ಎಂಬುದು ನನ್ನ ವಾದ.

ದಾಖಲೆಯ ಬಗೆಗಿನ ಈ ವಿವರಕ್ಕೆ ಮೆಟಾಡೇಟಾ ಎನ್ನುತ್ತಾರೆ. ಒಂದೊಂದು ಕಲಂ ಒಂದು ಎಲಿಮೆಂಟ್, ಅವುಗಳ ಗುಂಪು ಒಂದು ಸೆಟ್. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಟ್‌ಗಳಲ್ಲೊಂದಾದ ಡಬ್ಲಿನ್ ಕೋರ್ 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಊರಿನಲ್ಲಿ ನಡೆದ ಸಭೆಯಿಂದ ಹುಟ್ಟಿತು. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಹೀಗೆ ಅದರಲ್ಲಿ 15 ಎಲಿಮೆಂಟ್‌ಗಳಿವೆ. ವೆಬ್‌ಪುಟಗಳಂಥ ಆಧುನಿಕ ದಾಖಲೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ಪಟ್ಟಿ ಓಲೆಗರಿಯ ಮುಂದೆ ಸಾಲದಾಗುತ್ತದೆ. ಹಂಪೆಯ ಹರಿಹರನ ಗಿರಿಜಾಕಲ್ಯಾಣದ ಒಂದು ಹಸ್ತಪ್ರತಿಯನ್ನೇ ತೆಗೆದುಕೊಳ್ಳಿ. ಕಾವ್ಯ ಬರೆದವನು ಹರಿಹರ. ಎಷ್ಟೋ ಕಾಲದ ನಂತರ ಗರಿಯ ಮೇಲೆ ಕಂಠವೆಂಬ ಲೋಹದ ಲೇಖನಿಯಿಂದ ಕೊರೆದವನು ಬೇರೊಬ್ಬ ಲಿಪಿಕಾರ. ಕಾವ್ಯದ ಕಾಲ ಒಂದು, ಪ್ರತಿಯ ಕಾಲ ಇನ್ನೊಂದು. ಲಿಪಿಕಾರನ ಹೆಸರನ್ನು ‘ಕರ್ತೃ’ ಕಲಮಿಗೆ ಹಾಕಿದರೆ ಅದು ಸುಳ್ಳು, ಬಿಟ್ಟರೆ ಆತನ ಶ್ರಮಕ್ಕೆ ಅನ್ಯಾಯ.

ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯ ಯುನೆಸ್ಕೋ ಸಹಕಾರದೊಂದಿಗೆ ಹಂಚುವ ಗ್ರೀನ್‌ಸ್ಟೋನ್ ಎಂಬ ಉಚಿತ ತಂತ್ರಾಂಶದಲ್ಲಿ ಇಂಥ ಸೆಟ್‌ಗಳನ್ನು ತಿದ್ದಲೆಂದೇ ಒಂದು ಸಂಪಾದಕವಿದೆ. ಅದರಲ್ಲಿ ಹೊಸ ಸೆಟ್ ಕಟ್ಟಬಹುದು, ಇರುವ ಸೆಟ್ಟನ್ನು ಬುನಾದಿಯಾಗಿ ಇಟ್ಟುಕೊಂಡು ಬೆಳೆಸಬಹುದು, ಎಲಿಮೆಂಟಿನ ಕೆಳಗೆ ಉಪ ಎಲಿಮೆಂಟ್ ಸೇರಿಸಬಹುದು. ಹಂಪೆಯ ಶಾಸನಕ್ಕೆ ದಿನಾಂಕದ ಅಡಿಯಲ್ಲಿ ಮೂರು ಉಪ ಎಲಿಮೆಂಟ್ ಸಾಕು: ಶಾಸನದಲ್ಲಿ ಇದ್ದಂತೆ ಕಾಲ, ಸಂವತ್ಸರ, ಮತ್ತು ವಿಂಗಡಣೆಗಾಗಿ ಕ್ರಿಸ್ತಶಕದ ಅಂಕಿ. ಶಕ 1430 ಮೊದಲನೆಯದರಲ್ಲಿ ಹಾಗೇ ಉಳಿಯುತ್ತದೆ, ಶುಕ್ಲ ಎರಡನೆಯದರಲ್ಲಿ, 1510 ಮೂರನೆಯದರಲ್ಲಿ. ತಾಳೆಯಾಗದ ಸಂಗತಿ ಸಂಶೋಧಕರ ಕಣ್ಣಿಗೆ ತಾನಾಗಿ ಬೀಳುತ್ತದೆ. ಎಲಿಮೆಂಟಿನ ಒಳಹೆಸರು ರೋಮನ್ ಅಕ್ಷರದಲ್ಲಿ ಇದ್ದರೂ, ಓದುಗರಿಗೆ ಕಾಣುವ ಹೆಸರನ್ನೂ ಅರ್ಥವಿವರಣೆಯನ್ನೂ ಕನ್ನಡದಲ್ಲಿ ಕೊಡಬಹುದು.

ಪ್ರತಿಯೊಬ್ಬರೂ ತಮ್ಮದೇ ಕಲಂ ಮಾಡಿಕೊಂಡರೆ ಒಂದು ಗ್ರಂಥಾಲಯದ ಮಾಹಿತಿ ಇನ್ನೊಂದಕ್ಕೆ ಅರ್ಥವಾಗುವುದು ಹೇಗೆ ಎಂದು ತಜ್ಞರು ಕೇಳುತ್ತಾರೆ. ಆತಂಕ ನ್ಯಾಯವಾದದ್ದೇ. ಆದರೆ ಉಪ ಎಲಿಮೆಂಟಿನ ಗುಣವೇ ಬೇರೆ. ಅದರ ವಿಶೇಷಣವನ್ನು ಕೈಬಿಟ್ಟರೂ ಮೌಲ್ಯ ಮೂಲ ಎಲಿಮೆಂಟಿಗೆ ಹೊಂದಬೇಕು ಎಂಬುದು ಡಬ್ಲಿನ್ ಕೋರ್ ಬಳಗ ಪಾಲಿಸಿಕೊಂಡು ಬಂದ ತತ್ವ. ಲಿಪಿಕಾರನನ್ನು ‘ಸಹಾಯಕ’ ಎಂಬ ಎಲಿಮೆಂಟಿನ ಕೆಳಗೆ ಇಟ್ಟರೆ, ಲಿಪಿಕಾರ ಎಂದರೇನೆಂದು ಅರಿಯದ ವಿದೇಶಿ ತಂತ್ರಾಂಶವೂ ಆತನನ್ನು ಸಹಾಯಕ ಎಂದು ಓದಿಕೊಳ್ಳುತ್ತದೆ. ವಿವರ ಸ್ವಲ್ಪ ಸೊರಗುತ್ತದೆ, ಸುಳ್ಳಾಗುವುದಿಲ್ಲ.

ಪೂರ್ಣಪಠ್ಯದ ಹುಡುಕಾಟ ಇರುವಾಗ ಕಲಂಗಳ ಗೋಜೇಕೆ ಎಂಬುದು ಇನ್ನೊಂದು ಆಕ್ಷೇಪ. ಮುದ್ರಿತ ಪುಸ್ತಕದ ಮಟ್ಟಿಗೆ ಇದರಲ್ಲಿ ಸ್ವಲ್ಪ ಹುರುಳಿದೆ. ಸವೆದ ಕಲ್ಲಿನ ಚಿತ್ರದಲ್ಲಿ ಮಾತ್ರ ಯಂತ್ರ ಓದುವಂಥ ಪಠ್ಯ ಸುಲಭಕ್ಕೆ ಸಿಗದು, ಸಿಕ್ಕರೂ ಶಾಸನದಲ್ಲಿ ‘1510’ ಎಂಬ ಅಂಕಿ ಎಲ್ಲೂ ಇಲ್ಲ. ಊರಿನ ಹೆಸರಿನದೂ ಇದೇ ಪಾಡು. ಸಂಡೂರು 1949ರವರೆಗೆ ಸಂಸ್ಥಾನ, ಆಮೇಲೆ ಮದ್ರಾಸ್ ರಾಜ್ಯ, 1953ರಿಂದ ಮೈಸೂರು, 1973ರಿಂದ ಕರ್ನಾಟಕ. 2021ರಲ್ಲಿ ಪಕ್ಕದ ಹೊಸಪೇಟೆ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಸಂಡೂರು ತಾಲ್ಲೂಕಿನ ಬಂಡ್ರಿ ಬಳ್ಳಾರಿಯಲ್ಲೇ ಉಳಿಯಿತು. ದಾಖಲೆ ಹುಟ್ಟಿದಾಗಿನ ಆಡಳಿತ, ಇಂದಿನ ಜಿಲ್ಲೆ ಎರಡಕ್ಕೂ ಬೇರೆ ಬೇರೆ ಜಾಗ ಬೇಕು. ಬಂಡ್ರಿಯನ್ನು ರೋಮನ್ ಲಿಪಿಯಲ್ಲಿ ಮಾತ್ರ ಬರೆದಿಟ್ಟರೆ ನಾಳೆ ಅದನ್ನು ಬಂದ್ರಿ, ಬಾಂಡ್ರಿ ಎಂದೆಲ್ಲ ಓದುವವರು ಬರುತ್ತಾರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಲಿಪಿಯಲ್ಲಿದ್ದು ಕನ್ನಡದಲ್ಲಿ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ‘ಸಂಚಯ’ ತಂಡ ಸ್ವಯಂಸೇವಕರ ನೆರವಿನಿಂದ ಅವನ್ನು ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ದಲ್ಲಿ ಹುಡುಕುವಂತೆ ಮಾಡಿತು. ಪುಸ್ತಕಗಳು ಅವೇ, ಸ್ಕ್ಯಾನ್‌ಗಳೂ ಅವೇ, ಬದಲಾದದ್ದು ಮೆಟಾಡೇಟಾ.

ತಿದ್ದುವ ಸ್ವಾತಂತ್ರ್ಯದಲ್ಲಿ ಅಪಾಯವೂ ಇದೆ. ನೂರಾರು ದಾಖಲೆಗಳಿಗೆ ವಿವರ ತುಂಬಿದ ಮೇಲೆ ಒಂದು ಎಲಿಮೆಂಟನ್ನು ಅಳಿಸಿದರೆ, ಒಳಹೆಸರು ಬದಲಿಸಿದರೆ, ಅದರಡಿ ಬರೆದದ್ದೆಲ್ಲ ಅನಾಥವಾಗುತ್ತದೆ. ಕಾಣುವ ಹೆಸರನ್ನು ತಿದ್ದಿದರೆ ಅಂಥ ನಷ್ಟವಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ, ಶಾಸನಗಳನ್ನು ಬಲ್ಲ ವಿದ್ವಾಂಸರಿದ್ದಾರೆ. ಕಂಪ್ಲಿಯಲ್ಲೋ ಬಂಡ್ರಿಯಲ್ಲೋ ಊರವರು ಹಳೆಯ ಕಾಗದಪತ್ರ ಸ್ಕ್ಯಾನ್ ಮಾಡಲು ಕೂರುವ ಮುಂಚೆಯೇ ಅಂಥವರ ಜೊತೆ ಕೂತು ಕಲಂಗಳನ್ನು ನಿಶ್ಚಯಿಸಿ, ಪ್ರತಿ ಕಲಮಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬ ವಿವರಣೆಯನ್ನು ಕನ್ನಡದಲ್ಲಿ ಸೆಟ್ಟಿನೊಳಗೇ ಬರೆದಿಡಬೇಕು.