ಹಂಚಿನ ಕಾವು, ಚುಕ್ಕಿಯ ಬೆಳಕು

ರೋಣದ ಅಡುಗೆಮನೆಗಳಲ್ಲಿ ಕೊನೆಯ ರೊಟ್ಟಿ ಬೆಂದ ಮೇಲೆ ಹಂಚನ್ನು ಒಲೆಯಿಂದ ಇಳಿಸಿಡುತ್ತಾರೆ. ನೋಡಲು ಕರ್ರಗೆ, ಸುಮ್ಮನೆ ಬಿದ್ದಿರುತ್ತದೆ. ಗೇಣು ದೂರದಲ್ಲಿ ಅಂಗೈ ಹಿಡಿದರೆ ಮಾತ್ರ ಕಾವು ತಾಗುತ್ತದೆ. ಕಣ್ಣಿಗೆ ಕಾಣದೆ ಚರ್ಮಕ್ಕೆ ತಿಳಿಯುವ ಆ ಬೆಳಕೇ ಅವಕೆಂಪು. ದಟ್ಟ ಧೂಳಿನ ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರಗಳ ಕಣ್ಣಿಗೆ ಕಾಣುವ ಬೆಳಕು ಧೂಳಿಗೆ ಸಿಕ್ಕಿ ಹೋದರೂ ಇದು ನುಸುಳಿ ಹೊರಬರುತ್ತದೆ. ಅದನ್ನು ಎಳೆಎಳೆಯಾಗಿ ಬಿಡಿಸುವ ಯಂತ್ರ ಅವಕೆಂಪು ಸ್ಪೆಕ್ಟ್ರೋಗ್ರಾಫ್.

ಅಂಥದೊಂದನ್ನು, ಟಿರ್‌ಸ್ಪೆಕ್ ಎಂಬುದನ್ನು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ಜೋಡಿಸಿದರು. ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದಿರುವುದು ಸುಮಾರು 4,500 ಮೀಟರ್ ಎತ್ತರದಲ್ಲಿ. ನಡೆಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ, ನಡುವೆ ಉಪಗ್ರಹದ ಸಂಪರ್ಕ. ಗಾಳಿಯ ನೀರಾವಿ ಅವಕೆಂಪನ್ನು ನುಂಗುತ್ತದೆ, ಹಾನ್ಲೆಯ ಗಾಳಿ ಒಣ. ಅಷ್ಟು ದೂರ ಹೋದದ್ದು ಅದಕ್ಕೇ.

ತೊಡಕು ಏನೆಂದರೆ, ಯಂತ್ರವೂ ಒಂದು ಹಂಚೇ. ಕೋಣೆಯ ಬಿಸಿಯಲ್ಲಿಟ್ಟರೆ ಅದರ ಲೋಹವೇ ಅವಕೆಂಪಿನಲ್ಲಿ ಮಿನುಗುತ್ತದೆ. ಚುಕ್ಕಿಯ ಬೆಳಕು ಆ ಮಿನುಗಿನಲ್ಲಿ ಮುಳುಗುತ್ತದೆ. ಹಾಗಾಗಿ ಮಸೂರ, ಬೆಳಕು ಒಳಬರುವ ಕಿಂಡಿ, ಸಂವೇದಕ ಎಲ್ಲವನ್ನೂ ಗಾಳಿ ತೆಗೆದ ಪಾತ್ರೆಯಲ್ಲಿ ಮುಚ್ಚಿ, ದ್ರವ ಸಾರಜನಕದಿಂದ ಮೈನಸ್ 196 ಡಿಗ್ರಿಯ ಆಸುಪಾಸಿಗೆ ಇಳಿಸುತ್ತಾರೆ. ಗಾಳಿ ಉಳಿದಿದ್ದರೆ ಅದರ ತೇವ ಮಸೂರದ ಮೇಲೆ ಮಂಜುಗಟ್ಟುತ್ತದೆ.

ನನಗೆ ಅತಿ ಮೆಚ್ಚುಗೆಯಾದದ್ದು ಇಲ್ಲಿನ ಲೆಕ್ಕಾಚಾರ. ಅಷ್ಟು ಚಳಿಗೆ ಒಂದು ಮೀಟರ್ ಅಲ್ಯೂಮಿನಿಯಂ ಹೆಚ್ಚುಕಡಿಮೆ 4 ಮಿಲಿಮೀಟರ್ ಕುಗ್ಗುತ್ತದೆ, ಗಾಜು ಅಷ್ಟು ಕುಗ್ಗುವುದಿಲ್ಲ. ಬಿಗಿಯಾಗಿ ಕೂರಿಸಿದರೆ ಲೋಹದ ಬಳೆ ಮಸೂರವನ್ನು ಒತ್ತಿ ಒಡೆದೀತು. ಸಡಿಲ ಬಿಟ್ಟರೆ ಮಸೂರ ಅಲುಗುತ್ತದೆ. ಆದ್ದರಿಂದ ವಿನ್ಯಾಸ ಮಾಡುವವರು ಸೆಖೆಯಲ್ಲಿ ಮೇಜಿನ ಮುಂದೆ ಕೂತು, ಚಳಿಯಲ್ಲಿ ಸರಿಹೊಂದುವ ಅಳತೆಯನ್ನು ಬರೆಯಬೇಕು. ಜೋಡಿಸುವ ಹೊತ್ತಿಗೆ ಯಂತ್ರ ಬೇಕೆಂದೇ ತುಸು ತಪ್ಪಾಗಿರುತ್ತದೆ!

ನಡೆಸುವುದರಲ್ಲೂ ಜಾಣತನವಿದೆ. ರಾತ್ರಿಯ ಆಕಾಶವೇ ಅವಕೆಂಪಿನಲ್ಲಿ ಹೊಳೆಯುತ್ತದೆ. ಚುಕ್ಕಿಯನ್ನು ಕಿಂಡಿಯ ಒಂದು ಕಡೆ ಇಟ್ಟು ಒಮ್ಮೆ, ಸ್ವಲ್ಪ ಸರಿಸಿ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಆಕಾಶ ಹೋಗಿ ಚುಕ್ಕಿ ಉಳಿಯುತ್ತದೆ. ನರಗುಂದದ ಪೇಟೆಯಲ್ಲಿ ಚೀಲದ ತೂಕ ಕಳೆದು ಹತ್ತಿಯ ತೂಕ ಹೇಳುವುದೂ ಹೀಗೇ ಅಲ್ಲವೆ? ಬಳಿಕ ಹತ್ತಿರದ, ಗುಣ ಗೊತ್ತಿರುವ ನಕ್ಷತ್ರವೊಂದನ್ನು ನೋಡಿ, ನೀರಾವಿ ಕದ್ದ ಪಾಲನ್ನು ತುಂಬಿಕೊಳ್ಳುತ್ತಾರೆ.

ಡಿಸೆಂಬರ್ ರಾತ್ರಿ ಗಜೇಂದ್ರಗಡದ ಗುಡ್ಡ ಹತ್ತಿ, ಮಹಾವ್ಯಾಧನ ಸೊಂಟದ ಮೂರು ಚುಕ್ಕಿಗಳ ಕೆಳಗೆ ನೋಡಿ. ಅಲ್ಲೊಂದು ಮಸುಕು ಮಚ್ಚೆ ಕಾಣುತ್ತದೆ. ನಕ್ಷತ್ರಗಳು ಹುಟ್ಟುತ್ತಿರುವುದು ಅಲ್ಲೇ.