ಗಡ್ಡೆ ತೆಗೆದರೂ ಕಿವಿ ಉಳಿದೀತೇ?

ಒಂದು ಕಿವಿಗೆ ಫೋನ್ ಹಿಡಿದರೆ ದನಿ ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. ಅದೇ ಕಿವಿಯಲ್ಲಿ ಸದಾ ಮೊರೆತ. ವಯಸ್ಸಿನ ಕಿವುಡೆಂದು ಹಲವರು ಕಡೆಗಣಿಸುವ ಈ ಲಕ್ಷಣಗಳ ಹಿಂದೆ ಅಪರೂಪಕ್ಕೆ 'ಅಕೌಸ್ಟಿಕ್ ನ್ಯೂರೋಮಾ' ಎಂಬ ಗಡ್ಡೆ ಅಡಗಿರುತ್ತದೆ. ವಯೋಸಹಜ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಬಾಧಿಸುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಇದು ಕ್ಯಾನ್ಸರ್ ಅಲ್ಲ. ಗಡ್ಡೆ ಹುಟ್ಟುವುದೂ ಶ್ರವಣ ನರದಲ್ಲಲ್ಲ, ಪಕ್ಕದ ಸಮತೋಲನ ನರದ ಹೊದಿಕೆಯಲ್ಲಿ. ಆದ್ದರಿಂದಲೇ ವೈದ್ಯರು ಇದನ್ನು 'ವೆಸ್ಟಿಬ್ಯುಲರ್ ಶ್ವಾನೋಮಾ' ಎನ್ನುತ್ತಾರೆ. ತೊಡಕಿರುವುದು ಜಾಗದಲ್ಲಿ. ಒಳಗಿವಿಯಿಂದ ಮಿದುಳಿನತ್ತ ಸಾಗುವ ಸುಮಾರು 1 ಸೆಂ.ಮೀ. ಉದ್ದದ ಮೂಳೆಯ ಕಾಲುವೆಯಲ್ಲಿ ಶ್ರವಣ ನರ, ಸಮತೋಲನದ ಎರಡು ನರಗಳು, ಮುಖದ ಸ್ನಾಯುಗಳನ್ನು ಆಡಿಸುವ ನರ ಹಾಗೂ ಒಳಗಿವಿಗೆ ರಕ್ತ ಒಯ್ಯುವ ಕಿರು ಅಪಧಮನಿ ಒತ್ತೊತ್ತಾಗಿವೆ. ಈ ಅಪಧಮನಿಗೆ ಬದಲಿ ಮಾರ್ಗವಿಲ್ಲ. ನರಕ್ಕೆ ಧಕ್ಕೆಯಾಗದಿದ್ದರೂ ರಕ್ತ ನಿಂತರೆ ಶ್ರವಣ ಹೋದಂತೆಯೇ.

1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ವಿಲಿಯಂ ಹೌಸ್ ಈ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದ ಬಳಿಕ ಚಿತ್ರ ಬದಲಾಯಿತು. ಒಳಗಿವಿಯನ್ನೇ ಕೊರೆದು ಸಾಗುವ ಮಾರ್ಗದಲ್ಲಿ ಶ್ರವಣ ಪೂರ್ತಿ ನಷ್ಟ. ದೊಡ್ಡ ಗಡ್ಡೆಗೆ, ಈಗಾಗಲೇ ಕೇಳಿಸದ ಕಿವಿಗೆ ಅದು ಸರಿ. ಶ್ರವಣ ಉಳಿಸಬೇಕಿದ್ದರೆ ಕಿವಿಯ ಮೇಲಿನಿಂದ ಅಥವಾ ಹಿಂದಿನಿಂದ ತಲೆಬುರುಡೆ ತೆರೆಯಬೇಕು.

ಅರಿವಳಿಕೆಯಲ್ಲಿರುವ ರೋಗಿಗೆ ಕೇಳಿಸುತ್ತಿದೆಯೇ ಎಂದು ತಿಳಿಯುವ ಬಗೆಯೇ ಕುತೂಹಲಕರ. ಕಿವಿಗೆ ನಿರಂತರವಾಗಿ 'ಟಿಕ್ ಟಿಕ್' ಶಬ್ದ ಕಳುಹಿಸಿ, ಮಿದುಳುಕಾಂಡದ ವಿದ್ಯುತ್ ಅಲೆಗಳನ್ನು ನೆತ್ತಿಗಂಟಿಸಿದ ಎಲೆಕ್ಟ್ರೋಡ್‌ಗಳಿಂದ ದಾಖಲಿಸಲಾಗುತ್ತದೆ. ಐದನೇ ಅಲೆ ತಡವಾದರೆ ಅಥವಾ ಕುಗ್ಗಿದರೆ ನರ ಎಳೆತಕ್ಕೆ ಸಿಲುಕಿದೆ ಎಂದರ್ಥ. ಶಸ್ತ್ರವೈದ್ಯರು ಕೈ ತಡೆಯುತ್ತಾರೆ. ಆದರೆ ನೂರಾರು ಶಬ್ದಗಳ ಸರಾಸರಿ ತೆಗೆದ ಬಳಿಕವಷ್ಟೇ ಅಲೆ ಸ್ಪಷ್ಟವಾಗುವುದರಿಂದ ಎಚ್ಚರಿಕೆ ಕೊಂಚ ತಡ. ಎಲೆಕ್ಟ್ರೋಡನ್ನು ನೇರವಾಗಿ ಶ್ರವಣ ನರದ ಮೇಲಿಟ್ಟರೆ ಸುಳಿವು ಬಹುತೇಕ ಆ ಕ್ಷಣವೇ ಸಿಗುತ್ತದೆ.

ಇಷ್ಟಾದರೂ ಭರವಸೆ ಇಲ್ಲ. ಗಡ್ಡೆ ಚಿಕ್ಕದಿದ್ದು, ಶಸ್ತ್ರಚಿಕಿತ್ಸೆಗೆ ಮುನ್ನ ಶ್ರವಣ ಚೆನ್ನಾಗಿದ್ದವರಲ್ಲೇ ಯಶಸ್ಸು ಹೆಚ್ಚು. ಹೀಗಾಗಿಯೇ ಗೊಂದಲ: ಚಿಕ್ಕ ಗಡ್ಡೆ ವರ್ಷಗಟ್ಟಲೆ ಬೆಳೆಯದೆಯೂ ಇರಬಹುದು. ಎಂಆರ್‌ಐ ಮಾಡಿಸುತ್ತಾ ಕಾಯುವವರಿದ್ದಾರೆ, ಗಾಮಾ ನೈಫ್ ವಿಕಿರಣಕ್ಕೆ ಮೊರೆ ಹೋಗುವವರಿದ್ದಾರೆ. ಈ ಎರಡರಲ್ಲೂ ಶ್ರವಣ ಕ್ರಮೇಣ ಕುಂದುವುದುಂಟು.

'ನ್ಯೂರೋಫೈಬ್ರೊಮಾಟೋಸಿಸ್-2' ಎಂಬ ವಂಶವಾಹಿ ದೋಷವಿರುವವರಿಗೆ ಸಾಮಾನ್ಯವಾಗಿ ಎರಡೂ ಕಡೆ ಗಡ್ಡೆ ಬೆಳೆಯುತ್ತದೆ. ಅವರಿಗಾಗಿ ಮಿದುಳುಕಾಂಡದ ಮೇಲೆಯೇ ಎಲೆಕ್ಟ್ರೋಡ್ ಕೂರಿಸುವ ಸಾಧನವನ್ನು 1979ರಲ್ಲಿ ಹೌಸ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಹಿಟ್ಸೆಲ್‌ಬರ್ಗರ್ ಮೊದಲ ಬಾರಿಗೆ ಅಳವಡಿಸಿದರು. ಅದು ಹೆಚ್ಚಿನವರಿಗೆ ಒದಗಿಸುವುದು ಸದ್ದಿನ ಅರಿವನ್ನು, ತುಟಿಚಲನೆ ನೋಡಿ ಮಾತು ಗ್ರಹಿಸಲು ನೆರವನ್ನು.