ಹೆಬ್ಬೆಟ್ಟು ನಮ್ಮದು, ಗುಟ್ಟೂ ನಮ್ಮದೇ

ಮೊನ್ನೆ ಸಂತೆಯಿಂದ ತಂದ ಹುರಿಗಡಲೆ ಪೊಟ್ಟಣ ಬಿಚ್ಚಿ ಡಬ್ಬಕ್ಕೆ ಸುರಿಯುತ್ತಿದ್ದೆ. ಪೊಟ್ಟಣದ ಕಾಗದದ ಮೇಲೆ ಕಣ್ಣು ಬಿತ್ತು. ಯಾವುದೋ ಹೆಣ್ಣುಮಗಳ ಮುಖ! ಪಕ್ಕದಲ್ಲಿ ಹೆಸರು, ಹುಟ್ಟಿದ ತಾರೀಖು, ಗಂಡನ ಹೆಸರು, ಮನೆ ವಿಳಾಸ, ಕೆಳಗೆ ಹನ್ನೆರಡು ಅಂಕಿ. ಆಧಾರ್ ಕಾರ್ಡಿನ ಜೆರಾಕ್ಸ್! ಆಕೆ ಅದನ್ನು ಯಾರಿಗೆ, ಯಾತಕ್ಕೆ ಕೊಟ್ಟಿದ್ದಳೋ... ರದ್ದಿಗೆ ಹೋಗಿ, ತೂಕಕ್ಕೆ ಬಿದ್ದು, ನನ್ನ ಅಡಿಗೆಮನೆಗೆ ಬಂದಿತ್ತು.

"ಅದಕ್ಕೇನೀಗ? ನಮ್ಮಂಥವರ ಹತ್ರ ಕದಿಯೋಕೆ ಏನಿದೆ ಮಹಾ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡವಳೇ. ಆದರೆ ನೀವೇ ಹೇಳಿ, ಬಚ್ಚಲಮನೆಗೆ ಬಾಗಿಲು ಯಾಕೆ ಇಟ್ಟುಕೊಂಡಿದ್ದೇವೆ? ಒಳಗೆ ಕಳ್ಳತನ ಮಾಡುತ್ತೇವೆಂದೇ? ತವರಿನಿಂದ ಬಂದ ಕಾಗದವನ್ನು ನಮಗಿಂತ ಮುಂಚೆ ಬೇರೆಯವರು ಒಡೆದು ಓದಿದರೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತಿತ್ತಲ್ಲ, ಅದನ್ನೇ ಈಗ ಖಾಸಗಿತನದ ಪ್ರಶ್ನೆ ಅನ್ನುತ್ತಾರೆ.

ಈ ಮಾತನ್ನು ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಒಯ್ದವರು ನಮ್ಮ ಕಡೆಯವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು 86! ಆ ವಯಸ್ಸಿಗೆ ಜಪಮಣಿ ಹಿಡಿದು ಕೂರುವವರೇ ಹೆಚ್ಚು. ಪಾರ್ಲಿಮೆಂಟಿನಲ್ಲಿ ಕಾಯಿದೆಯೇ ಆಗದೆ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸುವುದು ಸರಿಯೇ ಎಂದು ಅವರು ಕೇಳಿದರು. ಆಧಾರ್ ಕಾಯಿದೆ ಬಂದದ್ದು ಆಮೇಲೆ, 2016ರಲ್ಲಿ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ, ಅದು ಮೂಲಭೂತ ಹಕ್ಕೇ ಎಂದರು. ಉಳ್ಳವರಿಗೆ ಮಾತ್ರ ಬೇಕಾದ ಸೊಗಸು ಅದಲ್ಲ, ಬಡವರಿಗೂ ಬೇಕು ಎಂಬ ಮಾತೂ ಆ ತೀರ್ಪಿನಲ್ಲಿದೆ. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಆಧಾರ್ ಬೇಡ ಅನ್ನುವವಳಲ್ಲ. ಹಿಂದೆಲ್ಲ ವಿಧವಾ ವೇತನದ ಹಣ ಕೈಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಬೇಕಿತ್ತು, ನಿಮಗೆ ಗೊತ್ತಿಲ್ಲವೇ? ಈಗ ನೇರ ಖಾತೆಗೆ ಬರುತ್ತದೆ. ಸುಪ್ರೀಂ ಕೋರ್ಟೂ 2018ರ ಸೆಪ್ಟೆಂಬರ್ 26ರಂದು, ರೇಷನ್, ಪಿಂಚಣಿಯಂಥ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಎಂದೇ ಹೇಳಿತು. ಆದರೆ ಮಕ್ಕಳ ಶಾಲಾ ಸೇರ್ಪಡೆಗೆ ಕಡ್ಡಾಯ ಮಾಡುವಂತಿಲ್ಲ, ಮೊಬೈಲ್ ಸಿಮ್‌ಗೂ ಕಡ್ಡಾಯವಲ್ಲ ಎಂದಿತು. ಈ ಎರಡನೆಯ ಅರ್ಧ ನಮ್ಮೂರಿನ ಕೌಂಟರುಗಳಿಗೆ ಇನ್ನೂ ತಲುಪಿದಂತೆ ಕಾಣೆ! ಎಲ್ಲಿ ಹೋದರೂ "ಆಧಾರ್ ಜೆರಾಕ್ಸ್ ಕೊಡಿ ಅಮ್ಮಾ." ನಾವೂ ಕುಂಕುಮ ಕೊಟ್ಟ ಹಾಗೆ ಕೊಟ್ಟು ಬರುತ್ತೇವೆ.

ಇನ್ನು ಬೆರಳಿನ ವಿಷಯ. ನಮ್ಮ ಬೀದಿಯ ಒಬ್ಬ ಅಜ್ಜಿ ನಲವತ್ತು ವರ್ಷ ಪಾತ್ರೆ ಉಜ್ಜಿದವರು. ಬೆರಳ ಗೆರೆಗಳೆಲ್ಲ ಬೂದಿಯ ಜೊತೆ ತೊಳೆದುಹೋಗಿವೆ. ಯಂತ್ರಕ್ಕೆ ಬೆರಳಿಟ್ಟರೆ "ಹೊಂದುತ್ತಿಲ್ಲ" ಅನ್ನುತ್ತದೆ. ಎರಡು ಸಲ ಅಕ್ಕಿಯಿಲ್ಲದೆ ಬರಿಗೈಲಿ ಬಂದರು. ದುಡಿದ ಕೈಗೆ ಗುರುತಿಲ್ಲ ಅನ್ನುವುದು ಎಂಥ ನ್ಯಾಯ, ಹೇಳಿ! ಹೀಗಾದರೆ ಸುಮ್ಮನೆ ವಾಪಸು ಬರಬೇಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬೆರಳು ಕೊಡಬಹುದು. ಮೊಬೈಲಿಗೆ ಬರುವ ಓಟಿಪಿಯ ದಾರಿಯೂ ಇದೆ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಅದೇ ಬೆರಳು ಕಳ್ಳರ ಪಾಲಾದರೆ? ಆಧಾರ್ ಸಂಖ್ಯೆ ಮತ್ತು ಬೆರಳಚ್ಚು, ಇವೆರಡಿದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಪುಟ್ಟ ಯಂತ್ರದಲ್ಲಿ ಹಣ ತೆಗೆಯಬಹುದು, ಓಟಿಪಿಯೂ ಬೇಕಿಲ್ಲ. ಬೆರಳಚ್ಚಿನ ನಕಲು ಮಾಡಿ ಹೀಗೆ ಹಣ ಎಗರಿಸಿದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೂ ಬಂದವು. ಇದಕ್ಕೆ ಒಂದು ಬೀಗವಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೇ ಲಾಕ್ ಹಾಕಬಹುದು, ರೇಷನ್ ತರುವ ದಿನ ತೆಗೆಯಬಹುದು. ಉಗ್ರಾಣದ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವರಿಗೆ ಇದೇನು ಹೊಸದೇ? ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಅಲ್ಲೇ ಸಿಗುತ್ತದೆ, ಲಾಡ್ಜಿಗೋ ಬಾಡಿಗೆ ಮನೆಗೋ ಅಷ್ಟು ಸಾಕು. ಜೆರಾಕ್ಸೇ ಕೊಡಬೇಕಾಗಿ ಬಂದರೆ ಅದರ ಮೇಲೆ ಯಾತಕ್ಕಾಗಿ, ಯಾವ ತಾರೀಖು ಅಂತ ಪೆನ್ನಿನಲ್ಲಿ ಅಡ್ಡಲಾಗಿ ಬರೆದುಬಿಡಿ. ಹಣ ಹೋಯಿತೆಂದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಯಾವ ಪಕ್ಷ ಬಂದರೂ ನನ್ನದು ಒಂದೇ ಮಾತು. ಸರ್ಕಾರ ನಮ್ಮ ಮನೆಯ ಲೆಕ್ಕವೆಲ್ಲ ಕೇಳುತ್ತದೆ, ಕೇಳಲಿ; ತನ್ನ ಲೆಕ್ಕವನ್ನೂ ನಮಗೆ ಹೇಳಲಿ. ಅದಕ್ಕೆಂದೇ 2005ರಿಂದ ಮಾಹಿತಿ ಹಕ್ಕು ಇದೆ. ನಮ್ಮ ವಿವರ ಕಾಪಾಡಲು 2023ರಲ್ಲಿ ಬೇರೊಂದು ಕಾಯಿದೆಯೂ ಆಯಿತು, ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ತೊಟ್ಟಿಲು ತರುವ ಹೊತ್ತಿಗೆ ಮಗು ನಡೆಯುತ್ತಿತ್ತು ಅನ್ನಿ!

ಇಷ್ಟೆಲ್ಲ ಸರ್ಕಾರಕ್ಕೆ, ಅಂಗಡಿಗೆ ಹೇಳಿದ್ದಾಯಿತು. ಮನೆಯೊಳಗಿನದನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ಯಜಮಾನಿಯ ಹೆಸರಿಗೆ. ಬ್ಯಾಂಕಿನ ಮೆಸೇಜ್ ಬರುವುದು ಯಾರ ಫೋನಿಗೆ? ಗಂಡನದೋ, ಮಗನದೋ. ಖಾತೆ ನಮ್ಮದು, "ಟಿಂಗ್" ಅನ್ನುವುದು ಅವರ ಜೇಬಿನಲ್ಲಿ! ಆ ಅಜ್ಜಿಯದೂ ಹೀಗೇ ಇತ್ತು. ಹೋದ ತಿಂಗಳು ನಾನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಅವರದೇ ನಂಬರ್ ಹಾಕಿಸಿದೆ. ಮಗ ಮೂರು ದಿನ ಮುಖ ಊದಿಸಿಕೊಂಡಿದ್ದ. ಅಜ್ಜಿ ಮಾತ್ರ ಹಳೆಯ ಬಟನ್ ಫೋನನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಅದು ಸದ್ದು ಮಾಡಿದಾಗಲೆಲ್ಲ ನಮ್ಮ ಮನೆಗೆ ಬರುತ್ತಾರೆ. "ಓದು, ಮೆಲ್ಲಗೆ ಓದು" ಅನ್ನುತ್ತಾರೆ, ಬಾಗಿಲ ಕಡೆ ನೋಡುತ್ತಾ.